ಸ್ಕ್ರೂ ಇರುವ ಕಂಪಾಸ್: ಒಂದು ಮಳೆಗಾಲ ಬಳಸಿದ ಮೇಲೆ

ಮೊದಲು ಯಾವ ಕಂಪಾಸ್ ಅಂತ ಹೇಳಿಬಿಡುತ್ತೇನೆ. ಪುಸ್ತಕದಲ್ಲಿ ಇದಕ್ಕೆ ಕೈವಾರ ಅಂತ ಹೆಸರು, ನಮ್ಮ ಮಕ್ಕಳಿಗೆಲ್ಲ ಕಂಪಾಸ್. ಇದರ ಎರಡು ಕಾಲುಗಳ ನಡುವೆ ಅಡ್ಡಕ್ಕೆ ಒಂದು ಸ್ಕ್ರೂ ಇದೆ. ಆ ಸ್ಕ್ರೂವಿನ ಮಧ್ಯೆ ಒಂದು ಪುಟ್ಟ ಗಾಲಿ. ಗಾಲಿಯನ್ನು ಬೆರಳಲ್ಲಿ ತಿರುಗಿಸಿದರೆ ಕಾಲು ಅಗಲವಾಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಹತ್ತಿರ ಬರುತ್ತದೆ. ಕೈ ಬಿಟ್ಟರೂ ಇಟ್ಟ ಅಳತೆ ಹಾಗೇ ನಿಲ್ಲುತ್ತದೆ. ಪೂರ್ತಿ ಲೋಹದ್ದು. ಜೊತೆಗೆ ಕಾಲು ಉದ್ದ ಮಾಡುವ ಒಂದು ಕಡ್ಡಿ, ಪೆನ್ನು ಸಿಕ್ಕಿಸುವ ಒಂದು ಕ್ಲಿಪ್, ಲೆಡ್ಡಿನ ಸಣ್ಣ ಡಬ್ಬಿ. ಕಾಸರಗೋಡಿನ ಹಳೆ ಬಸ್ ಸ್ಟಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ 340 ರೂಪಾಯಿಗೆ ತಂದೆ. ಕಂಪೆನಿ ಹೆಸರು ಬರೆಯುವುದಿಲ್ಲ. ಇದೇ ಥರದ್ದನ್ನು ಬೇರೆ ಬೇರೆಯವರು ಮಾಡುತ್ತಾರೆ. ನೋಡಬೇಕಾದದ್ದು ಆ ಸ್ಕ್ರೂವನ್ನು.

340 ರೂಪಾಯಿ ಒಂದು ಕಂಪಾಸಿಗೆ ಜಾಸ್ತಿ ಅಲ್ವಾ ಅಂತ ಮನೆಯಲ್ಲಿ ಕೇಳಿದರು. ಸ್ಕೇಲು, ಕೋನಮಾಪಕ ಎಲ್ಲ ಸೇರಿದ ಇಡೀ ಬಾಕ್ಸೇ ಅದಕ್ಕಿಂತ ಎಷ್ಟೋ ಕಮ್ಮಿಗೆ ಸಿಗುತ್ತದೆ, ನಿಜ. ಆದರೂ ಯಾಕೆ ತಂದೆ ಅಂತ ಹೇಳಬೇಕಾದರೆ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಒಬ್ಬ ಹುಡುಗಿಯ ವಿಷಯದಿಂದಲೇ ಶುರು ಮಾಡಬೇಕು.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಗಣಿತ ಬಿ.ಎಸ್ಸಿ. ಮಾಡಿದವಳು. ಸಂಜೆ ಹೊತ್ತು ಜಗಲಿಯಲ್ಲಿ ಏಳೆಂಟು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಎಲ್ಲರೂ ಕನ್ನಡ ಮೀಡಿಯಂ. ಅವರಲ್ಲಿ ಒಬ್ಬಳು ಆರನೇ ಕ್ಲಾಸಿನವಳು. ಅವಳ ಅಪ್ಪ ಅಡಿಕೆಗೆ ಮದ್ದು ಬಿಡುವವರು. ಮಳೆಗಾಲದಲ್ಲಿ ಮಳೆ ಬಿಟ್ಟ ಹೊತ್ತು ನೋಡಿಕೊಂಡು ಮರ ಹತ್ತುವ ಕೆಲಸ. ಜುಲೈಯಲ್ಲಿ ಒಂದು ಸಂಜೆ ಆ ಹುಡುಗಿ ಚೀಲ ಇಳಿಸುವ ಮೊದಲೇ, "ಅಕ್ಕ, ನಂಗೆ ಗಣಿತ ಮೇಳಕ್ಕೆ ಜಿಯೋಮೆಟ್ರಿಕಲ್ ಚಾರ್ಟ್ ಉಂಟು, ಟೀಚರ್ ಹೆಸರು ಕೊಟ್ಟಿದ್ದಾರೆ" ಅಂದಳು.

ಕೇರಳದ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಶಾಸ್ತ್ರೋತ್ಸವ ಆಗುತ್ತದೆ. ವಿಜ್ಞಾನ, ಸಮಾಜ ವಿಜ್ಞಾನ, ಐಟಿ, ವೃತ್ತಿ ಪರಿಚಯ ಇವುಗಳ ಜೊತೆ ಗಣಿತ ಮೇಳವೂ ಇರುತ್ತದೆ. ಅದರಲ್ಲಿ ನಂಬರ್ ಚಾರ್ಟ್, ಜಿಯೋಮೆಟ್ರಿಕಲ್ ಚಾರ್ಟ್, ಪಜಲ್, ಮಾಡೆಲ್, ಕ್ವಿಜ್ ಅಂತ ಬೇರೆ ಬೇರೆ ಸ್ಪರ್ಧೆಗಳು. ಚಾರ್ಟನ್ನು ಮನೆಯಲ್ಲಿ ಮಾಡಿ ಒಯ್ಯುವಂತಿಲ್ಲ. ಅಲ್ಲೇ ಕೂತು ಅಲ್ಲೇ ಬರೆಯಬೇಕು.

ಹೆಸರು ಕೊಟ್ಟದ್ದು ಕ್ವಿಜ್‌ಗಲ್ಲ, ಚಾರ್ಟ್‌ಗೆ ಅಂತ ಕೇಳಿ ನನಗೆ ತುಂಬಾ ಖುಷಿಯಾಯಿತು. ಅದಕ್ಕೊಂದು ಹಳೆ ಕಾರಣವಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಕ್ವಿಜ್‌ಗೆ ಹೋಗಿದ್ದೆ. ಪ್ರಶ್ನೆ ಮೊದಲು ಮಲಯಾಳದಲ್ಲಿ ಬರುತ್ತಿತ್ತು, ಅದು ಕನ್ನಡಕ್ಕೆ ಬರುವಷ್ಟರಲ್ಲಿ ಪಕ್ಕದ ಬೆಂಚಿನವರು ಉತ್ತರ ಬರೆದು ಪೆನ್ನು ಕೆಳಗಿಟ್ಟಾಗಿತ್ತು. ನನಗೆ ಗೊತ್ತಿದ್ದ ಉತ್ತರಗಳೇ. ಆ ದಿನ ಬಸ್ಸಿನಲ್ಲಿ ಯಾರ ಹತ್ತಿರವೂ ಮಾತಾಡದೆ ಮನೆಗೆ ಬಂದದ್ದು ಇವತ್ತಿಗೂ ನೆನಪಿದೆ. ವೃತ್ತ ಎಳೆಯಲು ಭಾಷೆ ಬೇಕಾಗುವುದಿಲ್ಲ. ಮೂರು ಗಂಟೆ, ಒಂದು ಹಾಳೆ, ಒಂದು ಕಂಪಾಸ್. ನಮ್ಮ ಮಗುವಿಗೂ ಬೇರೆಯವರಿಗೂ ಅಲ್ಲಿ ಒಂದೇ ಲೆಕ್ಕ.

ಹಾಗಾಗಿ ಅವತ್ತೇ ಶುರು ಮಾಡಿದೆವು, ಅವಳ ಬಾಕ್ಸಿನಲ್ಲಿದ್ದ ಮಾಮೂಲಿ ಕಂಪಾಸಿನಲ್ಲಿ. ತಲೆಯಲ್ಲಿ ಒಂದು ರಿವೆಟ್, ಒಂದು ಕಾಲಿಗೆ ಮುಳ್ಳು, ಇನ್ನೊಂದಕ್ಕೆ ಪೆನ್ಸಿಲ್ ಹಿಡಿಸುವ ಬಳೆ. ಎಲ್ಲರೂ ಶಾಲೆಯಲ್ಲಿ ಬಳಸಿದ್ದೇವಲ್ಲ, ಅದೇ.

ಮೊದಲ ಪಾಠ ಷಡ್ಭುಜ. ಒಂದು ವೃತ್ತ ಎಳೆದು, ಅದೇ ತ್ರಿಜ್ಯವನ್ನು ಕಂಪಾಸಿನಲ್ಲಿ ಹಾಗೇ ಇಟ್ಟುಕೊಂಡು, ವೃತ್ತದ ಮೇಲೆ ಒಂದು ಚುಕ್ಕಿಯಿಂದ ಹೆಜ್ಜೆ ಹಾಕುತ್ತಾ ಹೋದರೆ ಸರಿಯಾಗಿ ಆರನೇ ಹೆಜ್ಜೆಗೆ ಹೊರಟ ಚುಕ್ಕಿಗೇ ಬಂದು ಸೇರಬೇಕು. ಪ್ರತಿ ಹೆಜ್ಜೆಗೂ ಕೇಂದ್ರದಲ್ಲಿ ಒಂದು ಸಮಬಾಹು ತ್ರಿಭುಜ ಆಗುತ್ತದೆ, 60 ಡಿಗ್ರಿ. ಆರು ಸಲ ಅಂದರೆ 360. ಹೇಳಲು ಇಷ್ಟು ಸುಲಭ.

ಅವಳು ಎಳೆದಳು. ಆರನೇ ಹೆಜ್ಜೆ ಎರಡು ಮಿಲಿಮೀಟರ್ ಆಚೆ ಬಿತ್ತು. ಒರಸಿ ಮತ್ತೆ ಎಳೆದಳು, ಈ ಸಲ ಈಚೆ ಬಿತ್ತು. ಇನ್ನೊಂದು ಹಾಳೆ. ಮತ್ತೆ ಆಚೆ. ಮೂರು ದಿನ ಇದೇ ಆಯಿತು. ನಾಲ್ಕನೇ ದಿನ ಅವಳು ರಬ್ಬರಿನ ಪುಡಿಯನ್ನು ಊದುತ್ತಾ, ನನ್ನ ಮುಖ ನೋಡದೆ, "ನನ್ನ ಕೈ ಸರಿ ಇಲ್ಲ ಅಕ್ಕ. ಬೇರೆ ಯಾರನ್ನಾದ್ರೂ ಕಳಿಸ್ಲಿಕ್ಕೆ ಟೀಚರ್ ಹತ್ರ ಹೇಳ್ತೇನೆ" ಅಂದಳು.

ಆ ರಾತ್ರಿ ಅವಳ ಕಂಪಾಸನ್ನು ನಾನೇ ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಐದು ಸೆಂಟಿಮೀಟರಿಗೆ ಇಟ್ಟು ಒಂದೇ ಜಾಗದಲ್ಲಿ ಹತ್ತು ಸಲ ವೃತ್ತ ಎಳೆದೆ. ಒಂದೇ ಗೆರೆ ಬರಬೇಕಿತ್ತು. ನೂಲಿನ ಬದಲು ಸುತಳಿಯಷ್ಟು ದಪ್ಪ ಗೆರೆ ಬಂತು. ಆಮೇಲೆ ಸ್ಕೇಲಿಗೆ ಹಿಡಿದರೆ ಐದು ಇದ್ದದ್ದು ಐದು ಚಿಲ್ಲರೆ ಆಗಿತ್ತು. ಹಾಳೆಗೆ ಒತ್ತಿದಾಗಲೆಲ್ಲ ರಿವೆಟ್ ಸಡಿಲಾಗಿ ಕಾಲು ಕೂದಲೆಳೆಯಷ್ಟು ಸರಿಯುತ್ತಿತ್ತು, ಪೆನ್ಸಿಲ್ ಕೂಡ ಬಳೆಯೊಳಗೆ ಮೇಲಕ್ಕೆ ಜಾರುತ್ತಿತ್ತು. ಒಂದು ಹೆಜ್ಜೆಗೆ 0.3 ಮಿಲಿಮೀಟರ್ ತಪ್ಪಿದರೂ ಸಾಕು, ಆರು ಹೆಜ್ಜೆಗೆ ಹತ್ತಿರಹತ್ತಿರ ಎರಡು ಮಿಲಿಮೀಟರ್. ಮಗು ಮೂರು ದಿನ ಒರಸಿದ್ದು ಕಂಪಾಸಿನ ತಪ್ಪನ್ನು. ಅವಳು ಅದನ್ನು ತನ್ನ ಕೈಯ ತಪ್ಪು ಅಂತ ನಂಬಿಬಿಟ್ಟಿದ್ದಳು. ನನಗೆ ತುಂಬಾ ಸಂಕಟವಾದದ್ದು ಅದಕ್ಕೆ.

ಮರುದಿನವೇ ಬದಿಯಡ್ಕ ದಾರಿಯಾಗಿ ಕಾಸರಗೋಡಿಗೆ ಹೋದೆ. ಅಂಗಡಿಯವರು ಒಳ್ಳೆಯವರು. ಪ್ಯಾಕೆಟ್ ಬಿಚ್ಚಿ ನೋಡುತ್ತೇನೆ ಅಂದಾಗ ಬೇಡ ಅನ್ನಲಿಲ್ಲ, ಹಳೆ ಬಿಲ್ ಪುಸ್ತಕದ ಹಿಂದಿನ ಹಾಳೆಯನ್ನೇ ಕೊಟ್ಟರು. ಎರಡು ಕಂಪಾಸ್ ನೋಡಿದೆ. ಎರಡರಲ್ಲೂ ಆರು ಹೆಜ್ಜೆ ಹಾಕಿದೆ. ಮೊದಲನೆಯದರ ಗಾಲಿ ಸ್ವಲ್ಪ ಲೊಡಲೊಡ ಅನ್ನುತ್ತಿತ್ತು, ಹೆಜ್ಜೆ ಕೂಡಲಿಲ್ಲ. ಎರಡನೆಯದು ಹೊರಟ ತೂತಿಗೇ ಬಂದು ಕೂತಿತು. ನೀವು ಕೊಳ್ಳುವುದಾದರೂ ಹೀಗೇ ಮಾಡಿ. ಹೊಳಪು, ಡಬ್ಬಿ, ಚೀಲ ಯಾವುದನ್ನೂ ನೋಡಬೇಡಿ. ಒಂದು ವೃತ್ತ, ಆರು ಹೆಜ್ಜೆ, ಅಷ್ಟೇ.

ಆ ಸಂಜೆ ಹುಡುಗಿ ಅದನ್ನು ಕೈಯಲ್ಲಿ ಹಿಡಿದು, "ಭಾರ ಉಂಟು" ಅಂದಳು. ವೃತ್ತ ಎಳೆದಳು. ಒಂದು, ಎರಡು, ಮೂರು ಅಂತ ಬಾಯಲ್ಲೇ ಎಣಿಸುತ್ತಾ ಹೋದಳು. ಆರನೆಯದಕ್ಕೆ ಮುಳ್ಳು ಮೊದಲಿನ ತೂತಿನಲ್ಲಿ ಇಳಿಯಿತು. ಅವಳು ಏನೂ ಮಾತಾಡಲಿಲ್ಲ. ಪಕ್ಕದಲ್ಲಿ ಇನ್ನೊಂದು ವೃತ್ತ ಎಳೆದಳು, ಅದೂ ಕೂಡಿತು. ಹಾಳೆ ತುಂಬ ಹದಿನಾಲ್ಕು ವೃತ್ತ ಎಳೆದು ಆಮೇಲೆ ತಲೆ ಎತ್ತಿದಳು. ಬೇರೆಯವರನ್ನು ಕಳಿಸುವ ಮಾತು ಮತ್ತೆ ಬರಲಿಲ್ಲ.

ಇನ್ನು ಇದರ ತೊಂದರೆಗಳು. ಇವೆ, ಹೇಳಲೇಬೇಕು.

ಗಾಲಿ ತಿರುಗಿಸುವುದು ನಿಧಾನ. ಎರಡು ಸೆಂಟಿಮೀಟರಿನಿಂದ ಹತ್ತಕ್ಕೆ ಹೋಗಲು ಬೆರಳು ಸೋಲುತ್ತದೆ. ಮೂರು ಗಂಟೆಯ ಸ್ಪರ್ಧೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಜೊತೆಗೆ ಬರುವ ಲೆಡ್ ತೀರಾ ಮೆತ್ತಗೆ, ಕೈ ತಾಗಿದರೆ ಚಾರ್ಟ್ ಕಪ್ಪಾಗುತ್ತದೆ. ನಾವು ಗಟ್ಟಿ ಎಚ್ ಲೆಡ್ ಹಾಕಿ, ಅದರ ತುದಿಯನ್ನು ಮರಳು ಕಾಗದದಲ್ಲಿ ಒಂದೇ ಬದಿಗೆ ಉಜ್ಜಿ ಉಳಿಯ ಬಾಯಿಯ ಹಾಗೆ ಮಾಡಿಕೊಂಡೆವು. ಗೆರೆ ಎಷ್ಟು ಸಣ್ಣಗೆ ಬರುತ್ತದೆ ಅಂದರೆ, ಅದನ್ನು ನೋಡಿಯೇ ಮಗು ಉಸಿರು ಹಿಡಿದು ಎಳೆಯಲು ಕಲಿತಳು. ಇನ್ನು ಮಳೆ. ಆಟಿಯ ಮಳೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಎರಡು ವಾರದಲ್ಲಿ ಮುಳ್ಳಿನ ಬುಡದಲ್ಲಿ ತುಕ್ಕು ಕಂಡಿತು. ದಿನಾ ಕೆಲಸ ಮುಗಿದ ಮೇಲೆ ಒರಸಿ ಒಂದು ಹನಿ ತೆಂಗಿನೆಣ್ಣೆ ಸವರಿಡುವುದು ಅವಳೇ ಮಾಡಿಕೊಂಡ ಅಭ್ಯಾಸ. ಚಾರ್ಟ್ ಹಾಳೆಯೂ ಅಷ್ಟೇ, ಥಂಡಿಗೆ ದೋಸೆಯ ಹಾಗೆ ಮೆತ್ತಗಾಗುತ್ತದೆ, ಮುಳ್ಳು ಒತ್ತಿದಲ್ಲಿ ತೂತು ಅಗಲವಾಗುತ್ತದೆ. ಕೆಳಗೆ ದಪ್ಪ ರಟ್ಟು ಇಟ್ಟುಕೊಳ್ಳಿ.

ದೊಡ್ಡ ತೊಂದರೆ ಅಂದರೆ ಉದ್ದ ಮಾಡುವ ಕಡ್ಡಿ. ಚಾರ್ಟ್ ಹಾಳೆ 22 ಇಂಚು ಅಗಲ, 28 ಇಂಚು ಉದ್ದ. ಕಂಪಾಸ್ ಮಾತ್ರ ಆದರೆ 12 ಸೆಂಟಿಮೀಟರ್ ತ್ರಿಜ್ಯದವರೆಗೆ ಹೋಗುತ್ತದೆ, ಅಷ್ಟು ದೊಡ್ಡ ಹಾಳೆಗೆ ಅದು ಸಾಲದು. ಕಡ್ಡಿ ಹಾಕಿದರೆ 15 ಧಾರಾಳ ಸಿಗುತ್ತದೆ, ಆದರೆ ಜೋಡಿಸಿದ ಜಾಗ ಅಲುಗಾಡುತ್ತದೆ. ಮೊದಲು ನೂಲು ಕಟ್ಟಿ ನೋಡಿದೆವು. ಯಜ್ಞವೇದಿಯ ಅಳತೆ ಹೇಳುವ ಹಳೆಯ ಶುಲ್ಬಸೂತ್ರಗಳಲ್ಲಿ ಶುಲ್ಬ ಅಂದರೆ ಹಗ್ಗ, ಗೂಟಕ್ಕೆ ಹಗ್ಗ ಕಟ್ಟಿಯೇ ವೃತ್ತ ಎಳೆಯುತ್ತಿದ್ದರು ಅಂತ ಹೇಳಿದಾಗ ಅವಳಿಗೆ ಖುಷಿಯೋ ಖುಷಿ. ಅಂಗಳದಲ್ಲಿ ಅಡಿಕೆ ಹಗ್ಗ ಹಿಡಿದು ಒಂದು ದೊಡ್ಡ ವೃತ್ತವನ್ನೂ ಎಳೆದಳು. ಆದರೆ ಹಾಳೆಯ ಮೇಲೆ ನೂಲು ಎಳೆದಷ್ಟೂ ಉದ್ದವಾಗುತ್ತದೆ. ಕೊನೆಗೆ ಅವಳ ಅಪ್ಪ ಮದ್ದಿನ ಕೆಲಸ ಮುಗಿಸಿ ಅವಳನ್ನು ಕರೆದುಕೊಂಡು ಹೋಗಲು ಬಂದವರು, ಬೆರಳ ತುದಿಯಲ್ಲೆಲ್ಲ ಮೈಲುತುತ್ತಿನ ನೀಲಿ, ಕಂಪಾಸನ್ನು ದೀಪದ ಹತ್ತಿರ ಹಿಡಿದು ನೋಡಿ ಕಡ್ಡಿಯ ತುದಿಗೆ ಬೀಡಿ ಕಟ್ಟಿನ ಕಾಗದದ ಒಂದು ಚೂರು ಸುತ್ತಿ ಒಳಗೆ ತೂರಿಸಿದರು. ಅಲುಗಾಟ ನಿಂತಿತು. ಸ್ಪರ್ಧೆಯ ದಿನವೂ ಅದೇ ಕಾಗದ ಇತ್ತು.

ಓಣಂ ರಜೆಯಲ್ಲಿ ಒಂದು ದಿನ ಅವಳು ಕೇಳಿದಳು: ಮೂರು, ನಾಲ್ಕು, ಐದು, ಆರು, ಎಂಟು ಭುಜ ಎಲ್ಲ ಆಯಿತು, ಏಳು ಯಾಕೆ ಹೇಳಿಕೊಡುವುದಿಲ್ಲ? ಬರೀ ಕಂಪಾಸ್ ಮತ್ತು ಗೆರೆ ಎಳೆಯುವ ಪಟ್ಟಿಯಿಂದ ಸಮ ಸಪ್ತಭುಜ ಬರುವುದಿಲ್ಲ ಅಂದೆ. 1796ರಲ್ಲಿ ಗಾಸ್ ಎಂಬ ಜರ್ಮನಿಯ ಹುಡುಗ, ಹದಿನೆಂಟು ವರ್ಷದವನು, 17 ಭುಜದ್ದು ಬರುತ್ತದೆ ಅಂತ ತೋರಿಸಿದ. ಏಳರದ್ದು ಬರುವುದೇ ಇಲ್ಲ ಅಂತ 1837ರಲ್ಲಿ ವಾಂಜೆಲ್ ಎಂಬವರು ಸಾಧಿಸಿದರು. ಅವಳು ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ನನಗೆ ಇಷ್ಟವಾಯಿತು. ಹಾಗಾದರೆ ನೋಡು ಅಂತ ಒಂದು ಹಳೆ ಉಪಾಯ ಕೊಟ್ಟೆ: ಮೂರು ಮೂಲೆಯೂ ವೃತ್ತದ ಮೇಲಿರುವ ಸಮಬಾಹು ತ್ರಿಭುಜದ ಭುಜದ ಅರ್ಧವನ್ನು ಹೆಜ್ಜೆಯಾಗಿ ಇಟ್ಟು ಏಳು ಸಲ ನಡೆ.

ಹತ್ತು ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ ನಡೆದಳು. ಏಳನೇ ಹೆಜ್ಜೆ ಹೊರಟ ಚುಕ್ಕಿಗೆ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಹಿಂದೆ ನಿಂತಿತು. ಮತ್ತೆ ಎಳೆದಳು, ಅಷ್ಟೇ ಹಿಂದೆ. ಮೂರನೇ ಸಲವೂ ಅಷ್ಟೇ. ಆಗ ಅವಳು ಹೇಳಿದ ಮಾತು: "ಇದು ನನ್ನ ಕೈಯ ತಪ್ಪಲ್ಲ ಅಕ್ಕ, ಲೆಕ್ಕವೇ ಹೀಗೆ."

ಈ ಕಂಪಾಸಿಗೆ ಕೊಟ್ಟ ದುಡ್ಡು ನನ್ನ ಪಾಲಿಗೆ ಅವತ್ತೇ ಸಂದುಹೋಯಿತು. ಹಳೆಯದರಲ್ಲಿ ಆರು ಕೂಡುತ್ತಿರಲಿಲ್ಲ, ಏಳು ಒಮ್ಮೊಮ್ಮೆ ಕೂಡಿದಂತೆ ಕಾಣಲೂಬಹುದಿತ್ತು. ಯಾವುದು ಕೈಯ ತಪ್ಪು, ಯಾವುದು ಉಪಾಯದ ಕೊರತೆ ಅಂತ ಮಗುವಿಗೆ ಗೊತ್ತಾಗುವುದು ಹೇಗೆ? ನಾಲ್ಕು ವಾರದ ಹಿಂದೆ ಎಲ್ಲ ತಪ್ಪನ್ನೂ ತನ್ನ ತಲೆಗೆ ಹಾಕಿಕೊಂಡವಳು ಈಗ ಒಂದು ಮಿಲಿಮೀಟರನ್ನು ನೋಡಿ ಇದು ಯಾರದ್ದು ಅಂತ ಹೇಳುತ್ತಿದ್ದಾಳೆ. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಕಣ್ಣು ತುಂಬಿ ಬಂದಿತ್ತು, ಅವಳಿಗೆ ಕಾಣುವುದು ಬೇಡ ಅಂತ.

ಸ್ಪರ್ಧೆಗೆ ನಾವು ಆರಿಸಿಕೊಂಡದ್ದು ಎರಡರ ಮಗ್ಗಿ. ವೃತ್ತದ ಮೇಲೆ 48 ಚುಕ್ಕಿ ಇಟ್ಟು ನಂಬರ್ ಹಾಕಬೇಕು. 1ನ್ನು 2ಕ್ಕೆ, 2ನ್ನು 4ಕ್ಕೆ, 3ನ್ನು 6ಕ್ಕೆ ಹೀಗೆ ಪ್ರತಿ ನಂಬರನ್ನೂ ಅದರ ಎರಡರಷ್ಟಕ್ಕೆ ಸೇರಿಸಬೇಕು. 48 ದಾಟಿದರೆ 48 ಕಳೆದು ಮುಂದುವರಿಯಬೇಕು. ಎಲ್ಲ ನೇರ ಗೆರೆಗಳೇ, ಆದರೆ ಕೊನೆಗೆ ಒಳಗೆ ಒಂದು ಬಾಗಿದ ಆಕೃತಿ ತಾನಾಗಿ ಎದ್ದು ಬರುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಅದಕ್ಕೆ ಕಾರ್ಡಿಯಾಯ್ಡ್ ಅಂತ, ಹೃದಯದ ಆಕಾರ ಅಂತ ಹೆಸರು. ನಮ್ಮ ಹುಡುಗಿ ಮೊದಲ ಸಲ ನೋಡಿದವಳೇ "ಗೇರುಬೀಜ!" ಅಂದಳು. ಹೌದು, ಥೇಟ್ ಗೇರುಬೀಜವೇ. ಅವತ್ತಿನಿಂದ ನಮ್ಮ ಜಗಲಿಯಲ್ಲಿ ಅದಕ್ಕೆ ಅದೇ ಹೆಸರು.

48ನ್ನು ಆರಿಸಿದ್ದಕ್ಕೂ ಕಾರಣ ಈ ಕಂಪಾಸೇ. 36 ಅಥವಾ 72 ಆದರೆ ಕೋನಮಾಪಕ ಬೇಕು. 48 ಕಂಪಾಸಿನಲ್ಲೇ ಬರುತ್ತದೆ, ಅದೂ ಅಳತೆಯನ್ನು ಒಮ್ಮೆಯೂ ಬದಲಿಸದೆ. ಆರು ಹೆಜ್ಜೆ ಹಾಕಿ ಆರು ಚುಕ್ಕಿ. ಒಂದು ಕಂಸದ ಎರಡು ತುದಿಯಿಂದ ಅದೇ ತ್ರಿಜ್ಯದಲ್ಲಿ ಹೊರಗೆ ಎರಡು ಕಂಸ ಎಳೆದರೆ ಅವು ಕೂಡಿದ ಜಾಗ ಮತ್ತು ಕೇಂದ್ರ ಸೇರಿಸುವ ಗೆರೆ ಆ ಕಂಸವನ್ನು ಅರ್ಧ ಮಾಡುತ್ತದೆ. ಹೀಗೆ ಅರ್ಧ, ಕಾಲು, ಅರೆಕಾಲು ಮಾಡಿದರೆ ಒಂದು ಕಂಸಕ್ಕೆ ಎಂಟು ಭಾಗ. ಆ ಹೊಸ ಚುಕ್ಕಿಗಳಿಂದ ಮತ್ತೆ ಅದೇ ಆರು ಹೆಜ್ಜೆ. 15 ಸೆಂಟಿಮೀಟರಿಗೆ ಒಮ್ಮೆ ಗಾಲಿ ತಿರುಗಿಸಿ ಇಟ್ಟರೆ ಕೊನೆಯ ಚುಕ್ಕಿಯವರೆಗೂ ಮುಟ್ಟಬೇಕಾಗಿಲ್ಲ. ಗಾಲಿ ನಿಧಾನ ಅಂತ ಮೇಲೆ ದೂರಿದೆನಲ್ಲ, ಹಾಗಾಗಿ ಆ ತೊಂದರೆ ನಮಗೆ ತಟ್ಟಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಕರೆಂಟ್ ಹೋಗಿತ್ತು. ಎಮರ್ಜೆನ್ಸಿ ದೀಪದಲ್ಲಿ ಅವಳು ಮುಗಿಸಿದ ಚಾರ್ಟಿನ ಗೆರೆಗಳನ್ನು ಸುಮ್ನೆ ಎಣಿಸುತ್ತಿದ್ದಳು. "48ನ್ನು 48ಕ್ಕೇ ಸೇರಿಸ್ಬೇಕು, ಅದು ಗೆರೆ ಅಲ್ಲ. ಹಾಗಾದ್ರೆ 47 ಇರ್ಬೇಕು ಅಲ್ವಾ? 46 ಮಾತ್ರ ಉಂಟು." ಎಲ್ಲೋ ಒಂದು ಬಿಟ್ಟಿರಬೇಕು ಅಂದೆ. ಅವಳು ಬೆರಳಿಟ್ಟು ಒಂದೊಂದಾಗಿ ನೋಡುತ್ತಾ ಹೋದಳು. ಹದಿನೈದು ನಿಮಿಷ ಆಗಿರಬಹುದು. "ಬಿಟ್ಟಿಲ್ಲ ಅಕ್ಕ. 16ರಿಂದ 32ಕ್ಕೆ ಒಂದು ಗೆರೆ. 32ರ ಎರಡರಷ್ಟು 64, ಅದ್ರಲ್ಲಿ 48 ಕಳೆದ್ರೆ 16. ವಾಪಸ್ ಅದೇ ಗೆರೆ!"

ಇದನ್ನು ನಾನು ಹೇಳಿಕೊಟ್ಟದ್ದಲ್ಲ. ನನಗೇ ಅದುವರೆಗೆ ಹೊಳೆದಿರಲಿಲ್ಲ.

ಉಪಜಿಲ್ಲೆಯ ಸ್ಪರ್ಧೆಯ ದಿನ ನಾವೆಲ್ಲ ಹೊರಗೆ ಮರದ ಕೆಳಗೆ. ಮೂರು ಗಂಟೆ ಒಳಗೆ ಏನಾಯಿತು ಅಂತ ನನಗೆ ಗೊತ್ತಾದದ್ದು ಅವಳ ಬಾಯಿಂದ. ನಡುವೆ ಒಮ್ಮೆ ಲೆಡ್ ಮುರಿಯಿತಂತೆ. ಡಬ್ಬಿಯಲ್ಲಿ ಉಜ್ಜಿಟ್ಟ ಎರಡು ತುಂಡು ಇದ್ದದ್ದರಿಂದ ಗಾಬರಿಯಾಗಲಿಲ್ಲವಂತೆ. ಕೊನೆಗೆ ತೀರ್ಪುಗಾರರು ಪ್ರತಿ ಮೇಜಿಗೂ ಬಂದರು. ಒಬ್ಬರು ಮಲಯಾಳದ ಮಾಷ್ಟ್ರು ಇವಳ ಚಾರ್ಟ್ ಮುಂದೆ ನಿಂತು ಬಗ್ಗಿ ನೋಡಿ, "ಎತ್ರ ವರ?" ಅಂತ ಕೇಳಿದರು. ಎಷ್ಟು ಗೆರೆ ಅಂತ. ಇವಳು "ನಲ್ವತ್ತಾರು" ಅಂದಳು. ಅವರು "ನಾಲ್ಪತ್ತಾರ್?" ಅಂತ ಹುಬ್ಬು ಏರಿಸಿದರು, 47 ಅಲ್ಲವಾ ಅನ್ನುವ ಹಾಗೆ. ಇವಳು ಒಂದು ಬೆರಳನ್ನು 16ರ ಮೇಲೆ, ಇನ್ನೊಂದನ್ನು 32ರ ಮೇಲೆ ಇಟ್ಟು, ಹೋಗಿ ಬರುವ ಹಾಗೆ ಆ ಗೆರೆಯ ಮೇಲೆ ಬೆರಳಾಡಿಸಿ ತೋರಿಸಿದಳಂತೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಪಕ್ಕದವರನ್ನು ಕರೆದು ಆ ಗೆರೆಯನ್ನು ಅವರಿಗೂ ತೋರಿಸಿದರಂತೆ.

ಎ ಗ್ರೇಡ್, ಮೂರನೇ ಸ್ಥಾನ. ಮೈಕಿನಲ್ಲಿ ಹೆಸರು ಕೇಳಿದಾಗ ಅವಳ ಅಪ್ಪ ಒಗೆದು ಮಡಿಸಿದ ಬಿಳಿ ಅಂಗಿಯ ತೋಳಿನಲ್ಲೇ ಮುಖ ಒರಸಿಕೊಂಡರು. ನಾನು ನನ್ನ ಏಳನೇ ಕ್ಲಾಸಿನ ಆ ಬಸ್ ಪ್ರಯಾಣವನ್ನು ನೆನೆದೆ. ವಾಪಸ್ ಬರುವಾಗ ಪೆರ್ಲದ ಬಸ್ಸಿನಲ್ಲಿ ಅವಳು ಇಡೀ ದಾರಿ ಮಾತಾಡಿದಳು.

ಕಂಪಾಸ್ ಈಗ ಅವಳ ಹತ್ತಿರವೇ ಇದೆ, ವಾಪಸ್ ಕೇಳಲಿಲ್ಲ. ಗಾಲಿ ಇನ್ನೂ ಬಿಗಿಯಾಗಿದೆ, ಪೆನ್ನಿನ ಕ್ಲಿಪ್ ಮಾತ್ರ ಸಡಿಲಾಗಿದೆ. ಮೊನ್ನೆ ತಾನಾಗಿಯೇ ಮೂರರ ಮಗ್ಗಿಯ ಚಾರ್ಟ್ ಎಳೆದು ತಂದಿದ್ದಳು. ಈ ಸಲ ಆಕೃತಿಗೆ ಎರಡು ಕಡೆ ತಗ್ಗು. 43 ಗೆರೆ ಅಂದಳು. ನಾನು ಪೆನ್ಸಿಲ್ ಹಿಡಿದು ಕೂತು ಲೆಕ್ಕ ಮಾಡಿದೆ. 43 ಸರಿ.